ವಾರಕ್ಕೆ ಒಂದೇ ಮಾತ್ರೆ

ಸತ್ತವರು ಬಂದು ಮಾತಾಡಿದರು, ಒಬ್ಬನೇ ಮನುಷ್ಯ ಎರಡು ಕಡೆ ಕಂಡ ಎಂದೆಲ್ಲ ಹೇಳುವವರ ಎದುರು ನಾನು ಹಲ್ಲು ಕಿಸಿಯುತ್ತಿದ್ದೆ. ಅಂಥ ಒಬ್ಬರಿಗೆ ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದ್ದೂ ಉಂಟು. ಎರಡು ವರ್ಷದ ಡಿ.ಫಾರ್ಮವನ್ನು ನಾಲ್ಕು ವರ್ಷ ಓದಿದವನು ನಾನು. ಅಷ್ಟು ಆಳವಾಗಿ ಓದಿದವನು ಇದನ್ನೆಲ್ಲ ನಂಬುತ್ತಾನೆಯೇ? ಈಗ ಆ ನಗು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಆಗ ನಾನು ಹೆಮ್ಮಾಡಿಯ ಹೆದ್ದಾರಿ ಬದಿಯ ಒಂದು ಮೆಡಿಕಲ್ಲಿನಲ್ಲಿ ಫಾರ್ಮಸಿಸ್ಟ್. ಚೀಟಿ ಓದಿ, ಮಾತ್ರೆಯನ್ನು ಕೈಯಾರೆ ಕೊಟ್ಟು, ಹೇಗೆ ನುಂಗಬೇಕೆಂದು ಬಾಯಾರೆ ಹೇಳುವುದು ಕಾನೂನಿನ ಪ್ರಕಾರ ನನ್ನ ಕೆಲಸ. ಬಾಯಿಯೇನೋ ಸದಾ ತೆರೆದೇ ಇರುತ್ತಿತ್ತು, ಮಾತ್ರೆಯ ವಿಷಯಕ್ಕಲ್ಲ.

ಒಂದು ಸೋಮವಾರ ಬೆಳಿಗ್ಗೆ ಮರವಂತೆಯ ಗುಲಾಬಿಯಕ್ಕ ಬಂದರು. ಮೀನು ಮಾರುವವರು. ಬೆರಳ ಗಂಟುಗಳೆಲ್ಲ ಬಾತು, ಡಾಕ್ಟರ ಚೀಟಿ ಹಿಡಿಯುವುದೇ ಕಷ್ಟವಾಗಿತ್ತು.

"ನಿನ್ನೆ ಕೊಟ್ಟ ಬಂಗ್ಡಿ ನಿಮ್ ಬೆರಳಿಗಿಂತ ಗಟ್ಟಿ ಇತ್ತಲೆ ಅಕ್ಕ," ಎಂದೆ.

"ಬೇಯ್ಸುಕೆ ಬಾರದವ್ರಿಗೆ ಬಂಗ್ಡಿ ಎಂತಕಾ? ಬ್ರೆಡ್ ತಿನ್ನ್," ಎಂದರು.

ನಗುತ್ತ ನಗುತ್ತ ಹತ್ತು ಮಾತ್ರೆಯ ಇಡೀ ಸ್ಟ್ರಿಪ್ಪನ್ನು ಕವರಿಗೆ ಹಾಕಿ, ಮೇಲೆ 'ದಿನಕ್ಕೊಂದು, ರಾತ್ರಿ ಊಟದ ನಂತರ' ಎಂದು ಬರೆದೆ. ಚೀಟಿಯಲ್ಲಿ ಇದ್ದದ್ದು ವಾರಕ್ಕೊಂದು. ವಾರಕ್ಕೊಮ್ಮೆ ನುಂಗಿದರೆ ಗಂಟುನೋವು ಇಳಿಸುವ ಆ ಮಾತ್ರೆ, ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ರಕ್ತ ಹುಟ್ಟುವುದೇ ನಿಂತು, ಮನುಷ್ಯ ಹೋಗುತ್ತಾನೆ. ಪರೀಕ್ಷೆಗೆ ಇದೇ ಪ್ರಶ್ನೆ ಬಂದಿತ್ತು. ಫೇಲಾದ ಪುಣ್ಯದಿಂದ ನಾನು ಎರಡು ಸಲ ಉತ್ತರ ಬರೆದಿದ್ದೆ.

ಗುರುವಾರ ಮಧ್ಯಾಹ್ನ ಬೇರೊಬ್ಬರು ಅದೇ ಮಾತ್ರೆಗೆ ಬಂದು, "ಇದ್ ವಾರಕ್ಕೊಂದೇ ಅಲ್ದಾ?" ಎಂದು ಕೇಳಿದರು. ಅವರಿಗೆ ಹೂಂ ಎಂದೆ. ಆಮೇಲೆ ಗುಲಾಬಿಯಕ್ಕನ ಕವರಿನ ಮೇಲೆ ಬರೆದದ್ದು ನೆನಪಾಯಿತು. ಮೂರು ರಾತ್ರಿ ಕಳೆದಿತ್ತು.

ಅಂಗಡಿಯ ಯಜಮಾನರಿಗೆ ಹೇಳಿದೆ. "ಹ್ವಾಯ್, ಸುಮ್ನಿರ್ ಮಾರಾಯ," ಎಂದರು ತಗ್ಗಿದ ದನಿಯಲ್ಲಿ. "ನೀ ಹೋಯಿ ಹೇಳ್ರೆ ನಿನ್ ಸರ್ಟಿಫಿಕೇಟೂ ಹೋತ್ತ್, ನನ್ ಲೈಸೆನ್ಸೂ ಹೋತ್ತ್. ಆರಾಮಿಲ್ದಿದ್ರೆ ಅವ್ರೇ ಡಾಕ್ಟ್ರ ಹತ್ರ ಹೋತ್ರ್."

ಶೂರನಾದ ನಾನು ಆ ಮಾತನ್ನು ಹತ್ತು ನಿಮಿಷ ಯೋಚಿಸಿದೆ. ಇದನ್ನು ಮುಚ್ಚಿಡುವುದಿಲ್ಲ. ಆಮೇಲೆ ಬೈಕು ಹತ್ತಿದೆ. ಮರವಂತೆ ಮುಟ್ಟಿದ ಮೇಲೆಯೇ ಗೊತ್ತಾದದ್ದು, ಹೆಲ್ಮೆಟ್ಟು ಮೊಣಕೈಯಲ್ಲಿ ನೇತಾಡುತ್ತಿತ್ತು.

ಮೂರು ಗಂಟೆಯ ಬಿಸಿಲು. ಗುಲಾಬಿಯಕ್ಕ ಜಗಲಿಯಲ್ಲಿ ಕುಳಿತು ಬೆರಳಿಗೆ ಎಣ್ಣೆ ಹಚ್ಚುತ್ತಿದ್ದರು.

"ಎಂತ ಮಗಾ, ಮತ್ತ್ ಬಂದೆ?"

"ಮತ್ತ್ ಅಂದ್ರೆ?"

"ಸೋಮಾರ ಬೈಸಾರಿಗೇ ಬಂದ್ ಹೇಳಿ ಹೋದ್ಯಲೆ, ದಿನಾ ನುಂಗುಕಾಗ, ವಾರಕ್ಕೊಂದೇ ಅಂದೇಳಿ."

ಒಳಗಿಂದ ಕವರು ತಂದು ಕೊಟ್ಟರು. 'ದಿನಕ್ಕೊಂದು' ಎಂಬುದಕ್ಕೆ ಗೀಟು ಎಳೆದಿತ್ತು. ಕೆಳಗೆ 'ವಾರಕ್ಕೆ ಒಂದೇ. ಸೋಮವಾರ ಮಾತ್ರ' ಎಂದಿತ್ತು. 'ವ' ಬರೆದರೆ 'ಪ'ದ ಹಾಗೆ ಕಾಣುವ ಅಕ್ಷರ ಈ ತಾಲೂಕಿನಲ್ಲಿ ನನ್ನದೊಂದೇ. ಸ್ಟ್ರಿಪ್ಪಿನಲ್ಲಿ ಒಂಬತ್ತು ಮಾತ್ರೆ ಹಾಗೆಯೇ ಇದ್ದವು.

ಆ ಸೋಮವಾರ ಸಂಜೆ ಕತ್ತಲಾಗುವ ತನಕ ನಾನು ಕುಂದಾಪುರದ ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದೆ. ಎರಡು ಕ್ಯಾಚು ಬಿಟ್ಟೆ. ಎರಡನೆಯದರ ವೀಡಿಯೊವನ್ನು ಗೆಳೆಯರು ಇವತ್ತಿಗೂ ನನ್ನ ಹುಟ್ಟುಹಬ್ಬಕ್ಕೆ ಕಳಿಸುತ್ತಾರೆ.

"ನಾನೇ ಬಂದದ್ದಾ ಅಕ್ಕ?"

"ನೀನಲ್ದೆ ಮತ್ಯಾರ್? ಆರೆ ಅವತ್ತ್ ನಿನ್ ಹಲ್ಲೇ ಕಾಣ್ಲಿಲ್ಲೆ. ಕೂಕೋ ಅಂದ್ರೆ ಕೂಕಣ್ಲಿಲ್ಲೆ, ನೀರೂ ಕುಡೀಲಿಲ್ಲೆ. ತಪ್ಪಾಯ್ತ್ ಅಂದೆ. ನಂಗೇ ಹೆದ್ರಿಕೆ ಆಯ್ತ್ ಕಾಣ್."

ನಾನು ಮೆಟ್ಟಿಲ ಮೇಲೆ ಕುಳಿತೆ. ಅವರು ಎಣ್ಣೆ ಹಚ್ಚುತ್ತಲೇ ಕೇಳಿದರು: "ಮತ್ತೊಂದ್ ಮನಿಗ್ ಹೋಯ್ಕ್, ಬೈಂದೂರ್ ಬದಿಗೆ, ಅಲ್ಲಿ ತಡ ಆಯ್ತೇನೋ ಅಂದ್ಯಲೆ. ಅವ್ರಿಗೆ ಎಂತಾಯ್ತ್?"

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ನನ್ನ ತಪ್ಪು ಒಪ್ಪಿಕೊಂಡೆ. ಅವರು ಬೈದರು, ಅಕ್ಕನ ರಕ್ತ ಪರೀಕ್ಷೆ ಮಾಡಿಸಿದರು. ಏನೂ ಆಗಿರಲಿಲ್ಲ. ಯಜಮಾನರು ಆ ತಿಂಗಳ ಕೊನೆಗೆ ಬೇರೆ ಕೆಲಸ ನೋಡಿಕೋ ಎಂದರು.

ಹೋಗುವ ಮುಂಚೆ, ಆ ಬೈಂದೂರಿನ ಮನೆ ಯಾವುದೆಂದು ಹುಡುಕಲು ಹಳೆಯ ಬಿಲ್ ಪುಸ್ತಕಗಳನ್ನೆಲ್ಲ ತಿರುವಿದೆ. ರೋಗಿಯ ಹೆಸರು ಬರೆಯಲೇಬೇಕೆಂದು ನಿಯಮ. ಆ ಜಾಗದಲ್ಲಿ ನಾನು 'ಅಣ್ಣ', 'ಅಜ್ಜಿ', 'ಬಾಣಂತಿ' ಎಂದೆಲ್ಲ ಗೀಚಿದ್ದೆ. ಬರೀ 'ಬೈಂದೂರು' ಎಂದಿದ್ದವು ಏಳು. ರಜೆ ಸಿಕ್ಕಾಗಲೆಲ್ಲ ಬೈಂದೂರಿಗೆ ಹೋಗಿ ಕೇಳಿಕೊಂಡು ಬಂದೆ. ಐದು ಮನೆ ಸಿಕ್ಕಿತು, ಐದು ಕಡೆಯೂ ಎಲ್ಲರೂ ಚೆನ್ನಾಗಿದ್ದರು, ಒಬ್ಬರು ಚಹಾ ಕೊಟ್ಟರು. ಉಳಿದ ಎರಡು ಇವತ್ತಿನವರೆಗೆ ಸಿಕ್ಕಿಲ್ಲ.

ಗುಲಾಬಿಯಕ್ಕನ ಮನೆಗೆ ಬಂದವನು ಯಾರೋ, ನನಗೆ ತಿಳಿಯದು. ಬೈಂದೂರಿನ ಆ ಮನೆ ಅವನಿಗೆ ಗೊತ್ತಿತ್ತು. ನನಗೆ ಗೊತ್ತಿಲ್ಲ.