ಜಾರುಬಂಡೆಯ ಕೆಳಗಿನ ಬಾವಿ

ನಾನು ನಿಮಗೆಲ್ಲ ಸುಳ್ಳು ಹೇಳಿದ್ದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ಆಡುವ ಜಾಗದ ಕೆಳಗೆ ಒಂದು ಬಾವಿಯಿದೆ — ಮುಚ್ಚಿಸಿದವಳು ನಾನೇ.

ಕೊಡಿಗೇಹಳ್ಳಿಯ ಈ ನೆಲ ಒಂದು ಕಾಲಕ್ಕೆ ನಮ್ಮ ಹೊಲ. ಬಿಲ್ಡರ್‌ಗೆ ಬಿಟ್ಟುಕೊಟ್ಟು, ಬದಲಿಗೆ ನಾಲ್ಕು ಫ್ಲಾಟ್ ಪಡೆದೆವು. ಅವರು ಜಾಗ ನೋಡಲು ಬರುವ ಮೊದಲೇ ಬಾವಿ ತುಂಬಿಸೋಣ ಎಂದೆ. ಕಂಡರೆ ಒಂದು ಫ್ಲಾಟ್ ಕಡಿಮೆ ಮಾಡಿಯಾರೆಂಬ ಭಯ, ನನ್ನ ಆಸೆಬುರುಕತನ. ಯಜಮಾನರು ಬೇಡವೆಂದಿದ್ದರು. ಅವರೀಗ ಇಲ್ಲ, ಅವರ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು — ಆಗುವುದಿಲ್ಲ. ತೆಂಗಿನ ಬೊಡ್ಡೆ, ಹಳೆ ಮನೆಯ ತೊಲೆ, ಮುರಿದ ಗಾಡಿ, ಸಿಕ್ಕಿದ್ದನ್ನೆಲ್ಲ ಒಳಕ್ಕೆ ತಳ್ಳಿಸಿ ಮೇಲೆ ಮಣ್ಣು ಎಳೆಸಿದೆ. ಮರ ಕೊಳೆತರೆ ಒಳಗೆ ಪೊಳ್ಳಾಗುತ್ತದೆ — ಮೂರನೇ ಕ್ಲಾಸು ಓದಿದವಳಿಗೂ ಅಷ್ಟು ಗೊತ್ತಿತ್ತು.

ಹೋದ ವರ್ಷ ಮಳೆ ಮುಗಿದ ಮೇಲೆ ಜಾರುಬಂಡೆ ಒಂದು ಕಡೆಗೆ ವಾಲಿತಲ್ಲ, ಆಗ ಮಾಲೀಕರ ಸಂಘದ ಸಭೆ ಸೇರಿತು. ಕಾರ್ಯದರ್ಶಿ ಶೈಲಜಾ ನನ್ನತ್ತ ತಿರುಗಿದಳು.

"ಅಜ್ಜಿ, ಇದು ನಿಮ್ದೇ ಜಮೀನಲ್ವಾ? ಆ ಜಾಗದಲ್ಲಿ ಮೊದ್ಲು ಏನಾದ್ರೂ ಇತ್ತಾ?"

"ಏನೂ ಇರ್ಲಿಲ್ಲ ಕಣವ್ವಾ. ಬರೀ ರಾಗಿ ಒಲ."

"ಅದಕ್ಕೇ! ಮುದ್ದೆ ಸಿಗದೆ ಭೂಮಿ ಹೊಟ್ಟೆ ಇಳಿದೋಗಿದೆ ಬಿಡ್ರೀ," ಎಂದರು ಹಿಂದಿನಿಂದ ಯಾರೋ. ಎಲ್ಲರೂ ನಕ್ಕರು. ನಾನೂ ನಕ್ಕೆ. ಜಲ್ಲಿ ಸುರಿದು, ಸಿಮೆಂಟು ಮೆತ್ತಿ, ಬಣ್ಣದ ರಬ್ಬರ್ ಹಾಸಿದರು. ನಾನು ಬಾಲ್ಕನಿಯಲ್ಲಿ ನಿಂತು ನೋಡಿದೆ.

ನನ್ನ ಮಗಳಿಗೆ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹುಟ್ಟಿದ ಕೂಸು ಚಾರ್ವಿ ಈ ತಿಂಗಳು ನಡೆಯಲು ಕಲಿತಳು. ಅಯ್ಯೋ, ಆ ಸಂತೋಷವನ್ನು ಹೇಗೆ ಬರೆಯಲಿ! ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ವಾಚ್‌ಮನ್‌ಗೆ ಎರಡೆರಡು ಸಲ ಹೇಳಿದೆ. ಎದೆ ಈಗಲೂ ತುಂಬಿ ಬರುತ್ತದೆ — ಅದಕ್ಕೇ ಹೆದರಿಕೆ.

ನಿನ್ನೆ ಸಂಜೆ ಅವಳು ನನ್ನ ಬೆರಳು ಬಿಟ್ಟು ಜಾರುಬಂಡೆಯತ್ತ ಓಡಿದಳು. ಹಿಂದೆಯೇ ಹೋದ ನನ್ನ ಕಾಲಡಿ ಹಾಸು ಮೆತ್ತಗೆ ತಗ್ಗಿತು. ಅಂಚಿನ ಬಿರುಕಿನಿಂದ ತಣ್ಣನೆಯ ಗಾಳಿ, ಪಾಚಿ ಕಟ್ಟಿದ ಕಲ್ಲಿನ ವಾಸನೆ... ಎಷ್ಟೋ ವರ್ಷ ಅಲ್ಲಿ ನೀರು ಸೇದಿದವಳು ನಾನು. ಕೂಸನ್ನು ಬಾಚಿಕೊಂಡು ಮನೆಗೆ ಓಡಿಬಂದೆ.

ನನ್ನ ಕೂಸನ್ನು ಮಾತ್ರ. ನಿಮ್ಮ ಮಕ್ಕಳು ಐದಾರು ಜನ ಅಲ್ಲೇ ಆಡುತ್ತಿದ್ದರು. ಅವರನ್ನು ಕೂಗಿ ಕರೆಯಲಿಲ್ಲ — ಬಾಯಿ ಬಿಟ್ಟರೆ ಎಲ್ಲ ಹೊರಬೀಳುತ್ತಿತ್ತು.

ಇವತ್ತು ಬೆಳಿಗ್ಗೆ ಶೈಲಜಾಗೆ ಎಲ್ಲ ಹೇಳಿದೆ. "ಗುಟ್ಟಾಗಿ ನಾನೇ ಸರಿ ಮಾಡುಸ್ತೀನಿ ಕಣವ್ವಾ," ಎಂದು ಕೈ ಹಿಡಿದೆ.

ಅವಳು ಕೈ ಬಿಡಿಸಿಕೊಂಡಳು. "ಅದು ನಿಮ್ಮೊಬ್ರ ಜಾಗ ಅಲ್ಲ ಅಜ್ಜಿ. ಈ ನೆಲದಲ್ಲಿ ಅರವತ್ತು ಮನೆಗೂ ಪಾಲಿದೆ, ಭಾಗ ಮಾಡಕ್ಕೂ ಆಗಲ್ಲ. ಎಲ್ರಿಗೂ ಗೊತ್ತಾಗ್ಬೇಕು. ನೀವೇ ಹೇಳ್ಬೇಕು."

ಅಂದರೆ ಬಾವಿಯಲ್ಲೂ ನಿಮಗೆಲ್ಲ ಪಾಲಿತ್ತು. ನೀವು ದುಡ್ಡು ಕೊಟ್ಟು ಕೊಂಡದ್ದನ್ನು ನಾನು ನಿಮ್ಮಿಂದಲೇ ಮುಚ್ಚಿಟ್ಟೆ.

ಇದನ್ನು ಪ್ರತಿ ಲಿಫ್ಟಿನ ಬಳಿ ಅಂಟಿಸಿದ್ದೇನೆ. ಕ್ಷಮಿಸಿ ಎಂದು ಕೇಳಲು ಬರೆದದ್ದಲ್ಲ. ಸುತ್ತ ಹಗ್ಗ ಕಟ್ಟಿದ್ದಾರೆ, ಆದರೆ ಮಕ್ಕಳು ಹಗ್ಗ ನುಸುಳುತ್ತಾರೆ. ಓದಿದವರು ಪಕ್ಕದ ಮನೆಗೂ ಹೇಳಿ. ಇವತ್ತು ಯಾರನ್ನೂ ಆಟಕ್ಕೆ ಕೆಳಗೆ ಕಳಿಸಬೇಡಿ.