ನರ್ಸಮ್ಮ ಕೊಟ್ಟ ಎಣಿಕೆ

ಇವತ್ತು ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೋದಾಗ ಪೆನ್ಸಿಲು ಕಾಗದವನ್ನು ಗೀರಿತೇ ಹೊರತು ಬಣ್ಣ ಬಿಡಲಿಲ್ಲ. ಒಂದು ತುದಿ ಕೆಂಪು, ಇನ್ನೊಂದು ನೀಲಿ ಇರುವ ಪೆನ್ಸಿಲು. ಎರಡೂ ಕಡೆಯಿಂದ ಸವೆದು ಮೋಟಾಗಿತ್ತು, ಕೆಂಪು ಮುಗಿದಂತಿತ್ತು. ನಮ್ಮ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿದ್ದ ನರ್ಸಮ್ಮ ಕೊಟ್ಟದ್ದು ಅದು.

ಅಣ್ಣ ಮೂಡಿಗೆರೆ ಕಡೆಯ ಈ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಪುಟ್ಟ ಮಗಳು, ಮದುವೆಯಾಗದ ತಂಗಿ ನಾನು. ಅತ್ತಿಗೆಯ ಎರಡನೆಯ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ. ರಕ್ತ ನಿಲ್ಲದೆ ಅವರೂ ಹೋಗಿಬಿಡುವವರಿದ್ದರು. ನರ್ಸಮ್ಮ ಎರಡು ದಿನ ಪಕ್ಕದಿಂದ ಏಳಲಿಲ್ಲ. ಇನ್ನೊಂದು ಬಸಿರಾದರೆ ಈಕೆ ಬದುಕುವುದಿಲ್ಲ ಎಂದು ಚಿಕ್ಕಮಗಳೂರಿನ ಡಾಕ್ಟರು ಅಣ್ಣನಿಗೆ ಹೇಳಿದರು. ಹೇಗೆ ತಪ್ಪಿಸಬೇಕೆಂದು ಮಾತ್ರ ಹೇಳಲಿಲ್ಲ. ಅಣ್ಣ ಜಗಲಿಯಲ್ಲಿ ಮಲಗತೊಡಗಿದ. ಅತ್ತಿಗೆಯ ಮಾತು ನಿಂತೇ ಹೋಯಿತು.

ಹೀಗೇ ವರ್ಷದ ಮೇಲಾಯಿತು. ಒಂದು ಮಧ್ಯಾಹ್ನ ನರ್ಸಮ್ಮ ಅಡಿಗೆಮನೆಗೇ ಬಂದು ಕೂತರು. ತಿಂಗಳಲ್ಲಿ ಗರ್ಭ ಕಟ್ಟುವ ದಿನಗಳು ಕೆಲವೇ; ಆ ದಿನಗಳಲ್ಲಿ ದೂರವಿದ್ದು, ಉಳಿದ ದಿನ ಗಂಡ ಹೆಂಡತಿಯಂತೆ ಇರಬಹುದು ಎಂದರು. ಲೆಕ್ಕಕ್ಕೆ ಒಂದು ವರ್ಷದ ಮುಟ್ಟಿನ ತಾರೀಖುಗಳು ಬೇಕಿದ್ದವು.

"ಅದನ್ನೆಲ್ಲ ಯಾರು ನೆನಪಿಟ್ಕೊಳ್ತಾರೆ ನರ್ಸಮ್ಮಾ? ಬಂದಾಗ ಬರುತ್ತೆ, ಹಿತ್ಲಲ್ಲಿ ಕೂರ್ತೀನಿ" ಎಂದರು ಅತ್ತಿಗೆ.

ನಾನು ಡೈರಿ ತಂದೆ. ಅತ್ತಿಗೆ ಹೊರಗಾದರೆ ಮೂರು ದಿನ ಅಡಿಗೆ ನನ್ನದು. ನಾಲ್ಕನೆಯ ದಿನ ಅವರು ಸ್ನಾನ ಮಾಡಿ ಒಳಗೆ ಬಂದರೆ ನನಗೆ ಬಿಡುಗಡೆ. ಆ ಖುಷಿಗೆ ಪ್ರತಿ ಸಲ ತಾರೀಖಿನ ಪಕ್ಕ ಒಂದು ಗೀಟು ಎಳೆದಿದ್ದೆ. ಹದಿಮೂರು ಗೀಟುಗಳು.

"ಅಯ್ಯೋ, ಇವಳು ಇದನ್ನೂ ಬರ್ದಿಟ್ಟಿದಾಳೆ!" ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಗೀಟಿನಿಂದ ಗೀಟಿಗೆ ಕಡಿಮೆಯೆಂದರೆ ಇಪ್ಪತ್ತಾರು ದಿನ, ಹೆಚ್ಚೆಂದರೆ ಮೂವತ್ತು. ಹಾಗಾದರೆ ಎಂಟನೆಯ ದಿನದಿಂದ ಹತ್ತೊಂಬತ್ತರವರೆಗೆ ದೂರವಿರಬೇಕು ಎಂದರು ನರ್ಸಮ್ಮ. ನಾನು ಕೊನೆಯ ಗೀಟಿನಿಂದ ಎಣಿಸಿ ಚೀಟಿಯಲ್ಲಿ ತಾರೀಖು ಬರೆದುಕೊಟ್ಟೆ. ಹೊರಟು ಹೊಸಿಲು ದಾಟಿದ್ದ ನರ್ಸಮ್ಮ ಚೀಟಿ ನೋಡುತ್ತ ನಿಂತುಬಿಟ್ಟರು.

"ಈ ಗೀಟು ಹೊರಗೆ ಕೂತ ದಿನದ್ದೋ, ಒಳಗೆ ಬಂದ ದಿನದ್ದೋ?"

"ಒಳಗೆ ಬಂದದ್ದು. ಸ್ನಾನದಿಂದ್ಲೇ ಅಲ್ವಾ ಎಣಿಸೋದು?"

ಅವರು ಮತ್ತೆ ಬಂದು ಕೂತರು. ಬೈಯಲಿಲ್ಲ. "ಮೂರು ದಿನ ತಪ್ಪಿತು ಮಗಾ. ಆ ಮೂರು ದಿನವೇ ನಿಮ್ಮ ಅತ್ತಿಗೆ ಜೀವ ತೆಗೀಬಹುದಿತ್ತು. ಮುಟ್ಟಾದ ಮೊದಲ ದಿನವೇ ಒಂದು ಅಂತ ಹಿಡಿ."

ನಾನು ಆ ಚೀಟಿ ಹರಿದುಹಾಕಿದೆ. ಅವರು ಚೀಲದಿಂದ ಆ ಪೆನ್ಸಿಲು ತೆಗೆದು ಕೊಟ್ಟರು. ಮೊದಲ ದಿನಕ್ಕೆ ಕೆಂಪು, ದೂರವಿರುವ ದಿನಗಳಿಗೆ ನೀಲಿ. "ಇದು ಪೂರ್ತಿ ನಂಬೋ ಲೆಕ್ಕ ಅಲ್ಲ. ಇವರಿಗೆ ಆಚೆ ಎರಡು, ಈಚೆ ಎರಡು ದಿನ ಸೇರಿಸು. ಏರುಪೇರಾದ್ರೆ ನನ್ನ ಹತ್ರ ಓಡಿ ಬಾ."

ಸಂಜೆ ಅಣ್ಣನನ್ನು ಅಂಗಳದಲ್ಲೇ ಹಿಡಿದರು. "ರೈಟ್ರೇ, ಮಳೆ ಎಷ್ಟು ಬಿತ್ತು ಅಂತ ದಿನಾ ಅಳ್ದು ಬರೀತೀರಿ. ಹೆಂಡ್ತಿಗೋಸ್ಕರ ಕ್ಯಾಲೆಂಡರ್ ನೋಡೋಕೆ ನಾಚ್ಕೆನಾ?"

ಅಣ್ಣನ ಕಿವಿ ಕೆಂಪಾಯಿತು. ಆದರೆ ಮರುದಿನ ಮೊಳೆ ಹೊಡೆದು ಕ್ಯಾಲೆಂಡರು ತೂಗುಹಾಕಿದವನು ಅವನೇ. ನೀಲಿ ದಿನಗಳಲ್ಲಿ ಅವನ ಹಾಸಿಗೆ ಜಗಲಿಗೆ ಹೋಗುತ್ತಿತ್ತು, ಆಮೇಲೆ ಒಳಗೆ ಬರುತ್ತಿತ್ತು. ಅತ್ತಿಗೆ ಮತ್ತೆ ನಗತೊಡಗಿದ್ದು ಯಾವ ದಿನ ಎಂದು ಮಾತ್ರ ನಾನು ಬರೆದಿಟ್ಟಿಲ್ಲ...

ಎರಡು ಮಳೆಗಾಲ ಕಳೆದ ಮೇಲೆ ನರ್ಸಮ್ಮ ಕಳಸದ ಆಚೆಯ ಎಸ್ಟೇಟಿಗೆ ಹೋದರು. ಅಲ್ಲಿ ಕೂಲಿಯಾಳುಗಳ ಲೈನುಮನೆಯವರ ಮಲೇರಿಯಾ ನೋಡುತ್ತ ತಾವೇ ಜ್ವರ ಹಿಡಿದು ತೀರಿಕೊಂಡರಂತೆ. ನಮಗೆ ತಿಳಿದದ್ದು ತಿಂಗಳಾದ ಮೇಲೆ. ಅತ್ತಿಗೆ ಚೆನ್ನಾಗಿದ್ದಾರೆಂದು ಒಂದು ಕಾಗದ ಹಾಕಬೇಕೆಂದು ಡೈರಿಯಲ್ಲಿ ನಾಲ್ಕು ಕಡೆ ಬರೆದುಕೊಂಡಿದ್ದೆ. ಕಾಗದ ಮಾತ್ರ ಬರೆಯಲಿಲ್ಲ.

"ಏನೇ, ಗುರುತು ಹಾಕಿದ್ಯಾ?" ಹಿತ್ತಲಿನಿಂದ ಅತ್ತಿಗೆ ಕೂಗಿದರು. "ಇವತ್ತೇ ಮೊದಲ್ನೇ ದಿನ ಮಾರಾಯ್ತಿ, ತಪ್ಪಿಸ್ಬೇಡ!"

ಚಾಕುವಿನಿಂದ ಮರವನ್ನು ಹೆರೆದೆ. ಅಕ್ಕಿಕಾಳಿನಷ್ಟು ಕೆಂಪು ಒಳಗೆ ಉಳಿದಿತ್ತು. ಗುರುತು ಹಾಕಿದೆ. ಇದು ಐವತ್ತೆರಡನೆಯದು ನರ್ಸಮ್ಮಾ, ಮೊದಲ ದಿನದಿಂದಲೇ ಎಣಿಸಿದ್ದೇನೆ.