ಎಡಗಡೆಯ ಮಡ್‌ಗಾರ್ಡು

ಡಾಕ್ಟರು ತೀರಿಕೊಂಡ ಮೇಲೆ ಅವರ ಮಕ್ಕಳು ಮನೆ ಹಂಚಿಕೊಂಡರು, ಪಾತ್ರೆ ಹಂಚಿಕೊಂಡರು, ಗೋಡೆ ಗಡಿಯಾರಕ್ಕೆ ಸಣ್ಣದೊಂದು ಜಗಳವನ್ನೂ ಆಡಿದರು. ಶೆಡ್ಡಿನಲ್ಲಿದ್ದ ಹಳೇ ಕಾರು ಮಾತ್ರ ಯಾರಿಗೂ ಬೇಡವಾಗಿತ್ತು. ಅದನ್ನು ಡಾಕ್ಟರು ತಮ್ಮ ಕಾಂಪೌಂಡರ್ ಹೆಸರಿಗೆ ಬರೆದಿಟ್ಟಿದ್ದಾರೆ ಅಂತ ತಿಳಿದಾಗ ಎಲ್ಲರಿಗೂ ಹಗುರವಾಯಿತು.

ಕಾಂಪೌಂಡರ್ ಅಂದರೆ ಮೂವತ್ತು ವರ್ಷ ಆ ದವಾಖಾನೆಯ ಕಿಂಡಿಯ ಹಿಂದೆ ನಿಂತು ಔಷಧಿ ಬೆರೆಸಿಕೊಟ್ಟ ಮನುಷ್ಯ. ಊರಿಗೆಲ್ಲ ಅವನ ಕೈ ಗೊತ್ತು, ಮುಖ ಅಷ್ಟಾಗಿ ಗೊತ್ತಿಲ್ಲ. ಅವನಿಗೆ ಬಂದ ಕಾರೋ, ಒಂದು ಕಾಲದಲ್ಲಿ ಸಿರಿವಂತರ ಬಾಯಲ್ಲೂ ನೀರೂರಿಸಿದ್ದು. ಆನೆ ಸೊಂಡಿಲಿನಂಥ ಉದ್ದನೆ ಬಾನೆಟ್ಟು, ಬೋಗುಣಿಯಂಥ ದೀಪಗಳು, ಒಳಗೆ ಮರದ ಡ್ಯಾಶ್‌ಬೋರ್ಡು. ಆ ಮಾದರಿಯ ಗಾಡಿ ಈಗ ಲೋಕದಲ್ಲೇ ಬೆರಳೆಣಿಕೆಯಷ್ಟು. ಆದರೆ ಎಡಗಡೆಯ ಮುಂದಿನ ಮಡ್‌ಗಾರ್ಡು ತುಕ್ಕು ಹಿಡಿದು ಹಪ್ಪಳದಂತೆ ಉದುರಿಹೋಗಿತ್ತು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಅಂದಳು ಹೆಂಡತಿ. ಅಂದರೂ ಹಳೇ ಸೀರೆ ಹರಿದು ಒರೆಸೋ ಬಟ್ಟೆ ಮಾಡಿಕೊಟ್ಟಳು.

ಅವನು ಕಾರನ್ನು ರೋಗಿಯಂತೆ ನೋಡಿಕೊಂಡ. ಬಾಗಿಲ ಕೀಲುಗಳಿಗೆ ಸಿರಿಂಜಿನಿಂದ ಎಣ್ಣೆ ಬಿಡುತ್ತಿದ್ದ, ದೀಪದ ಗಾಜನ್ನು ಹತ್ತಿಯಿಂದ ಒರೆಸುತ್ತಿದ್ದ. ಇಂಜಿನ್ ಸದ್ದಿನಲ್ಲಿ ಸ್ವಲ್ಪ ಏರುಪೇರಾದರೂ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಮಡ್‌ಗಾರ್ಡು ಅವನ ಕೈಮೀರಿದ್ದು. ಎಲ್ಲೆಲ್ಲಿಗೋ ಪತ್ರ ಬರೆದ. ಎಲ್ಲೂ ಸಿಗಲಿಲ್ಲ.

ಕೊನೆಗೆ ಹಿಂದಿನ ಬೀದಿಯ ತಗಡಿನ ಮೇಸ್ತ್ರಿಯ ಹತ್ತಿರ ಹೋದ. ಡಿಕ್ಕಿಯಾದ ಗಾಡಿಗಳ ಡೊಂಕು ತೆಗೆಯುವುದೇ ಮೇಸ್ತ್ರಿಯ ಕಸುಬು. ನಲವತ್ತು ವರ್ಷ ಸುತ್ತಿಗೆ ಸದ್ದಿನ ನಡುವೆ ಇದ್ದು ಅವನ ಕಿವಿ ಮಂದವಾಗಿತ್ತು. ಮೇಸ್ತ್ರಿ ಬಂದು ಕಾರಿನ ಸುತ್ತ ಎರಡು ಸುತ್ತು ಹಾಕಿದ.

"ಬಲಗಡೆದು ಚೆನ್ನಾಗಿದೆಯಲ್ಲ ಕಾಂಪೌಂಡ್ರೇ. ಅದನ್ನೇ ನೋಡ್ಕೊಂಡು ತಿರುಗಾಮುರುಗಾ ಮಾಡಿದ್ರೆ ಎಡಗಡೆದು. ಅವಸರ ಮಾತ್ರ ಮಾಡ್ಬೇಡಿ."

ಹನ್ನೊಂದು ತಿಂಗಳು, ಪ್ರತಿ ಭಾನುವಾರ. ಮೇಸ್ತ್ರಿ ರಟ್ಟಿನಲ್ಲಿ ಅಳತೆ ಕತ್ತರಿಸಿದ, ಮರಳಿನ ಚೀಲದ ಮೇಲೆ ತಗಡು ಇಟ್ಟು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದ. ಮೂರು ಸಲ ಮಾಡಿ ಮೂರು ಸಲ ಎಸೆದ. ನಾಲ್ಕನೆಯದನ್ನು ಕೂರಿಸಿ, ಕಣ್ಣು ಮುಚ್ಚಿ ಎರಡೂ ಕೈಯಿಂದ ಎರಡೂ ಬದಿ ಸವರಿ, "ಈಗ ಅಣ್ಣತಮ್ಮ ಆದ್ವು," ಅಂದ. ಕಾಂಪೌಂಡರ್‌ಗೆ ಕಣ್ಣು ತುಂಬಿತು.

ಆ ವರ್ಷ ಹಳೇ ಕಾರುಗಳ ಪ್ರದರ್ಶನ ಇತ್ತು. ಮೇಸ್ತ್ರಿ ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಟ್ಟು ಜೊತೆಗೆ ಬಂದ. ಮೈದಾನದ ತುಂಬ ದೊಡ್ಡವರು. ಕಾಂಪೌಂಡರ್ ಕಾರು ನಿಲ್ಲಿಸಿ ಇಳಿಯುತ್ತಿದ್ದ ಹಾಗೆ ಕಪ್ಪು ಕನ್ನಡಕದವನೊಬ್ಬ ಕೇಳಿದ, "ಏನಪ್ಪಾ ಡ್ರೈವರ್, ಓನರ್ ಎಲ್ಲಿ?"

"ನಾನೇ," ಅಂದ ಕಾಂಪೌಂಡರ್. ಆ ಮನುಷ್ಯ ನಕ್ಕು ಮುಂದೆ ಹೋದ. ಆ ನಗು ಇವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ನಿಂತಿತು.

ಮಧ್ಯಾಹ್ನ ತೀರ್ಪುಗಾರರು ಬಂದರು. ಜೊತೆಗೊಬ್ಬ ಮೈಕು ಹಿಡಿದವನು, ಹಿಂದೆ ಜನ. ಕಂಪನಿಯ ಮೂಲ ಭಾಗಗಳು ಇದ್ದಷ್ಟೂ ಅಂಕ ಜಾಸ್ತಿ. ತೀರ್ಪುಗಾರರು ಬಗ್ಗಿ, ಟಾರ್ಚು ಬಿಟ್ಟು ನೋಡಿದರು.

"ಈ ಎಡಗಡೆದು ಆಮೇಲೆ ಮಾಡಿಸಿದ್ದಾ?"

ಮೇಸ್ತ್ರಿ ನಾಲ್ಕು ಮಾರು ದೂರದಲ್ಲಿ ನಿಂತಿದ್ದ. ಕಪ್ಪು ಕನ್ನಡಕದವನೂ ಇದ್ದ.

"ಇಲ್ಲ ಸಾರ್, ಕಂಪನಿದೇ. ಸುತ್ತಿಗೆ ಹಿಡಿಯೋ ಜನಾನ ನಾನು ಈ ಗಾಡಿ ಹತ್ರಾನೂ ಸೇರಿಸಿಲ್ಲ."

ಮೊದಲ ಮಾತಿಗೇ ನಿಲ್ಲಿಸಬಹುದಿತ್ತು. ಎರಡನೆಯದನ್ನು ಹೇಳು ಅಂತ ಯಾರೂ ಕೇಳಿರಲಿಲ್ಲ.

ಬೆಳ್ಳಿ ಬಣ್ಣದ ಕಪ್ ಸಿಕ್ಕಿತು. ಫೋಟೋ ತೆಗೆಯುವಾಗ ಮೇಸ್ತ್ರಿ ತಾನಾಗಿಯೇ ಪಕ್ಕಕ್ಕೆ ಸರಿದ. ಹೊರಡುವಾಗ, "ನಾನು ಬಸ್ಸಲ್ಲಿ ಹೋಗ್ತೀನಿ, ಸ್ವಲ್ಪ ಕೆಲಸ ಇದೆ," ಅಂದ. ಕಾಂಪೌಂಡರ್‌ಗೆ ಬದುಕಿದೆಯಾ ಬಡಜೀವ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ದಾರಿಯುದ್ದಕ್ಕೂ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮನೆಯಲ್ಲಿ ಹೆಂಡತಿ ಮೂರು ತಟ್ಟೆ ಇಟ್ಟಿದ್ದಳು. "ಮೇಸ್ತ್ರಿ ಎಲ್ಲಿ?"

"ಕೆಲಸ ಇತ್ತಂತೆ."

ಅವಳು ಒಮ್ಮೆ ಅವನ ಮುಖ ನೋಡಿ, ಒಂದು ತಟ್ಟೆಯನ್ನು ಒಳಗಿಟ್ಟಳು.

ಮೂರು ವಾರ ಅವನು ಹಿಂದಿನ ಬೀದಿ ಬಿಟ್ಟು ಸುತ್ತುಬಳಸಿ ಓಡಾಡಿದ. ಮೇಸ್ತ್ರಿಗೆ ಕೇಳಿಸಿರಲ್ಲ, ಕಿವಿ ಮಂದ ಅಲ್ವಾ, ಅಂತ ತನಗೆ ತಾನೇ ಹೇಳಿಕೊಂಡ. ಇನ್ನೊಬ್ಬನ ಕಿವುಡಿನ ಹಿಂದೆ ಅಡಗಿಕೊಳ್ಳುವ ಗತಿ ಬಂತಲ್ಲ ಅಂತ ಅನ್ನಿಸಿದ ದಿನ ನೇರ ಅಂಗಡಿಗೆ ಹೋದ. ಮೇಸ್ತ್ರಿ ಯಾವುದೋ ವ್ಯಾನಿನ ಬಾಗಿಲು ತಟ್ಟುತ್ತಿದ್ದ.

"ಅವತ್ತು ನಾನೊಂದು ಮಾತು ಆಡಿದೆ. ನಿಮಗೆ ಕೇಳಿಸ್ತೋ ಇಲ್ವೋ..."

"ನಾನು ಕೇಳಿಸ್ಕೊಳ್ಳೋದು ಬಿಟ್ಟು ಎಷ್ಟೋ ವರ್ಷ ಆಯ್ತು. ಬಾಯಿ ನೋಡಿ ಮಾತು ಹಿಡೀತೀನಿ." ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. "ಕಂಪನಿದು ಅಂದ್ರಿ, ಅದಕ್ಕೆ ಬೇಜಾರಿಲ್ಲ. ಗೊತ್ತಾಗದ ಹಾಗೆ ಮಾಡೋದೇ ನನ್ನ ಕೆಲಸ. ಆದ್ರೆ 'ಸುತ್ತಿಗೆ ಹಿಡಿಯೋ ಜನ' ಅಂದ್ರಲ್ಲ, ಆವಾಗ ನಿಮ್ಮ ಮುಖ ಕಿವುಚಿಕೊಳ್ತು. ಬಾಯಿ ನೋಡೋನಿಗೆ ಮುಖಾನೂ ಕಾಣುತ್ತೆ."

ಕಾಂಪೌಂಡರ್‌ಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. "ತಪ್ಪಾಯ್ತು. ಕಪ್ ವಾಪಸ್ ಕೊಟ್ಟುಬಿಡ್ತೀನಿ."

"ಕೊಡೋದು ಬಿಡೋದು ನಿಮಗೂ ಅವರಿಗೂ ಸೇರಿದ್ದು," ಅಂದು ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡ.

ಕಪ್ ಕೊಡಲು ಹೋದಾಗ ಪ್ರದರ್ಶನದ ಕಾರ್ಯದರ್ಶಿ ನಕ್ಕುಬಿಟ್ಟ. "ಅಯ್ಯೋ, ಎಲ್ಲರೂ ಕಂಪನಿದು ಅಂತಾನೇ ಹೇಳೋದು, ಇಟ್ಕೊಳ್ಳಿ." ಇವನು ಮೇಜಿನ ಮೇಲಿಟ್ಟು ಬಂದ. ಮರುವರ್ಷ ಮತ್ತೆ ಹೋಗಿ, ಅದೇ ಮೈಕಿನ ಮುಂದೆ, ಈ ಮಡ್‌ಗಾರ್ಡು ನಮ್ಮ ಹಿಂದಿನ ಬೀದಿಯ ಮೇಸ್ತ್ರಿ ಕೈಯಲ್ಲೇ ತಟ್ಟಿ ಮಾಡಿದ್ದು ಅಂತ ಗಟ್ಟಿಯಾಗಿ ಹೇಳಿದ. ತೀರ್ಪುಗಾರರು ಏನೋ ಗುರುತು ಹಾಕಿಕೊಂಡು ಮುಂದಿನ ಕಾರಿಗೆ ಹೋದರು. ಮೇಸ್ತ್ರಿಯನ್ನು ಕರೆದಿದ್ದ, ಅವನು ಬಂದಿರಲಿಲ್ಲ.

ಆಮೇಲೊಂದು ದಿನ ಯಾರದೋ ಸೈಕಲ್ಲು ತಾಗಿ ಅದೇ ಮಡ್‌ಗಾರ್ಡು ನೆಗ್ಗಿತು. ಕಾಂಪೌಂಡರ್ ಅಳುಕುತ್ತಲೇ ಕಾರನ್ನು ಅಂಗಡಿ ಮುಂದೆ ನಿಲ್ಲಿಸಿದ. ಮೇಸ್ತ್ರಿ ಅರ್ಧ ಗಂಟೆಯಲ್ಲಿ ಸರಿಮಾಡಿದ. ಎಲ್ಲಿ ನೆಗ್ಗಿತ್ತು ಅಂತ ಹುಡುಕಿದರೂ ಸಿಗದಷ್ಟು ಚೆನ್ನಾಗಿ.

"ಆಯ್ತು ಸಾರ್, ತಗೊಂಡು ಹೋಗಿ," ಅಂದ.

ಅಷ್ಟು ವರ್ಷ ಬಾಯ್ತುಂಬ "ಕಾಂಪೌಂಡ್ರೇ" ಅಂತ ಕರೆದವನು. ಇವನು ಏನೋ ಹೇಳಲು ಬಾಯಿ ತೆರೆದ. ಆದರೆ ಮೇಸ್ತ್ರಿ ಆಗಲೇ ಬೆನ್ನು ತಿರುಗಿಸಿ ಮುಂದಿನ ಗಾಡಿಯ ಬಾಗಿಲಿಗೆ ಕೈ ಹಾಕಿದ್ದ. ಬೆನ್ನು ತಿರುಗಿಸಿದವನಿಗೆ ಯಾರ ಮಾತೂ ತಲುಪುವಂತಿರಲಿಲ್ಲ.